ಕಿವಿ ಚುಚ್ಚಿದಾಗಿನ ರಕ್ತ

ಶಾಲುಬಾಯಿ ಬೀಸುವ ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕುವಷ್ಟರಲ್ಲಿ ಮಗಳು ಪ್ರಮಿಲಾ ಉದುರಿದ ಹಾಲುಹಲ್ಲು ಹಿಡಿದು ಬಂದಳು. ಎಂಟು ವರ್ಷದವಳ ಗದ್ದದವರೆಗೆ ರಕ್ತ ಇಳಿದಿತ್ತು. ಬಾಯಿಗೆ ಅರಿವೆ ಒತ್ತಿ ಕೂರಿಸಿದಳು. ಬೀಸುವುದು ಮುಗಿಯಿತು, ರಕ್ತ ನಿಲ್ಲಲಿಲ್ಲ. ಮೂರನೆಯ ಅರಿವೆಯೂ ತೊಯ್ದಿತು.

"ನಾಳಿ ಡಾಕ್ಟರ್ ಮುಂದ ಇದರ ಸುದ್ದಿ ತೆಗೀಬ್ಯಾಡ," ಅಂದಳು ಅತ್ತೆ ಕೌಸಲ್ಯಾಬಾಯಿ. "ಸುಮ್ಮ ಕೊಯ್ಸಿಕೊಂಡು ಬಾ."

ನಾಳೆ ಬೀದರಿನಲ್ಲಿ ಪ್ರಮಿಲಾಳ ಟಾನ್ಸಿಲ್ ತೆಗೆಯುವುದಿತ್ತು. ತಿಂಗಳಿಗೆರಡು ಸಲ ಗಂಟಲು ಬಾತು ಗಂಜಿಯೂ ಇಳಿಯುತ್ತಿರಲಿಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿ ತಿಂಗಳಾಗಿತ್ತು. ಡಾಕ್ಟರ್ ನಿಜಾಮೋದ್ದೀನರು ಈ ವಾರವೇ ಹೈದರಾಬಾದಿಗೆ ಮರಳುವವರು. ಮುಂದಿನವರು ಎಂದು ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಹನ್ನೆರಡು ದಿನದ ಹಿಂದೆ ಅವರು ಕೇಳಿದ್ದರು: "ಹಲ್ಲು ಬಿದ್ದಾಗ, ಕಿವಿ ಚುಚ್ಚಿದಾಗ ರಕ್ತ ಬಹಳ ಹೋಗಿತ್ತೇನು ಬೇಟಿ? ನಿನ್ನ ತವರಿನಾಗ ಯಾರಿಗರೆ ಹಂಗದ ಏನು? ಕೊಯ್ದ ದಿನ ನಾ ಇರ್ತೇನಿ. ವಾರದ ಮ್ಯಾಲ ಹುಣ್ಣಿನ ಪದರ ಉದುರತದ. ಆವಾಗ ನೀ ಭಾಲ್ಕಿದಾಗ ಇರ್ತಿ. ರಕ್ತ ಹರದರ ಏನ್ ಮಾಡ್ತಿ?" ತವರಿಗೆ ಕೇಳಿ ಹೇಳ್ತೇನಿ ಅಂದಿದ್ದಳು ಶಾಲುಬಾಯಿ.

ಕಿವಿ ಚುಚ್ಚಿಸಿದ್ದು ತವರೂರು ಎಕಂಬಾದಲ್ಲಿ, ಪದ್ಧತಿಯಂತೆ ಸೋದರಮಾವ ದತ್ತಾತ್ರಿಯ ತೊಡೆಯ ಮೇಲೆ. ಶಾಲುಬಾಯಿ ಆಗ ಜ್ವರದಿಂದ ಭಾಲ್ಕಿಯಲ್ಲೇ ಮಲಗಿದ್ದಳು. ಕೂಸನ್ನು ತಂದುಬಿಟ್ಟ ಅಣ್ಣ, "ಇದರ ರಕ್ತ ಸರಿ ಇಲ್ಲ, ತೋರಸು" ಅಂದಾಗ, ಹೆಣ್ಣುಮಗಳಿಗೆ ಕಳಂಕ ಹಚ್ಚುತ್ತೀಯಾ ಎಂದು ಅವನನ್ನು ಹೊಸ್ತಿಲಾಚೆ ದಬ್ಬಿದ್ದಳು. ಐದು ವರ್ಷ ಮಾತಿಲ್ಲ. ಡಾಕ್ಟರು ಕೇಳಿದ ದಿನವೇ ಅವನಿಗೆ ಟಪಾಲು ಕಾರ್ಡು ಬರೆದಳು, ಆದರೆ ಡಬ್ಬಿಗೆ ಹಾಕಲಿಲ್ಲ. ಅವನ ಮುಂದೆ ತಗ್ಗುವ ಮನಸ್ಸಿರಲಿಲ್ಲ.

ಈಗ ಎದ್ದು ಪೆಟ್ಟಿಗೆಯಿಂದ ಕಾರ್ಡು ತೆಗೆದಳು. "ನಾಳಿ ಹೋಗೂದಿಲ್ರಿ. ಮೊದಲ ಅಣ್ಣನ ಜವಾಬು ಬರಲಿ."

"ಎಕಂಬಾದ ಟಪಾಲಿನವ ಅದನ್ನ ಕಟ್ಟಿ ಮ್ಯಾಲ ಕೂತು ಊರಿಗೆಲ್ಲಾ ಓದತಾನ! ಈಕೀನ್ನ ಯಾರು ಮಾಡ್ಕೋತಾರ? ನಿಮ್ಮ ತವರಿನ ಕೆಟ್ಟ ರಕ್ತ ನಮ್ಮ ಮನಿಗೆ ತಂದಿ."

"ಮಾಡ್ಕೊಳ್ಳವ ಬರೂತನಾ ಆಕಿ ಉಳೀಬೇಕಲ್ರಿ."

"ಆ ಡಾಕ್ಟರ್ ಹೋದ ಮ್ಯಾಲ ಯಾರು ಕೊಯ್ತಾರ? ನೀನಾ, ಈಳಿಗಿಯಿಂದ?"

"ಗಂಜಿ ಕುಡಿಸಿ ಕಾಯ್ತೇನಿ."

"ಕಾಯಿ! ನರಳೂದು ಕೇಳಕೋತ ಕೂಡು."

ಶಾಲುಬಾಯಿ ಹೊಸ ಅರಿವೆ ಒತ್ತಿ ಮಗಳನ್ನು ಸೊಂಟಕ್ಕೆತ್ತಿಕೊಂಡು ಟಪಾಲು ಡಬ್ಬಿಯಿದ್ದ ರೈಲು ಸ್ಟೇಷನ್ನಿಗೆ ನಡೆದಳು. ಟಿಕೆಟ್ ಕಿಟಕಿಯ ಬಾಬುವಿನ ಪೆನ್ಸಿಲು ಕೇಳಿ ಕಾರ್ಡಿನ ಅಂಚಿಗೆ ಸೇರಿಸಿದಳು: "ನನ್ನ ಸಿಟ್ಟು ಹಂಗೇ ಅದ. ಆದರೆ ಆವಾಗ ರಕ್ತ ಎಷ್ಟು ದಿನ ಹರೀತು, ನಮ್ಮ ಅವ್ವಗೂ ಹಿಂಗ ಇತ್ತೇನು, ಖರೇ ಬರಿ."

ಹುಡುಗಿಯ ಬೆರಳಿನಿಂದ ಅಂಟಿದ ಕೆಂಪು ಕಲೆ ಕಾರ್ಡಿನ ಮೇಲಿತ್ತು. ಒರೆಸದೆ ಟಪಾಲು ಡಬ್ಬಿಗೆ ಹಾಕಿದಳು.