ಉಗುಳಿದ ಎಲೆ

ಮಾರ್ಚ್ ಮುಗಿಯುತ್ತ ಬಂದಿತ್ತು. ಶಿಗ್ಗಾಂವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ರುದ್ರೇಶ, ಸಂಬಳದಲ್ಲಿ ತೆರಿಗೆ ಹೆಚ್ಚು ಮುರಿದುಕೊಳ್ಳುವುದನ್ನು ತಪ್ಪಿಸಲು ಅಪ್ಪನ ಹೆಸರಿನಲ್ಲಿ ಆರೋಗ್ಯ ವಿಮೆ ಮಾಡಿಸಬೇಕೆಂದು ತನ್ನೂರು ಸವಣೂರಿಗೆ ಬಂದಿದ್ದ. ಅಪ್ಪನ ಆರೋಗ್ಯ ಅವನ ತಲೆಯಲ್ಲಿ ಇರಲೇ ಇಲ್ಲ.

ವಿಮೆ ಕಂಪನಿಯ ಹುಡುಗಿ ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಅಪ್ಪನಿಗೆ ಒಂದೊಂದೇ ಪ್ರಶ್ನೆ ಕೇಳುತ್ತ ಬಂದಳು. "ತಂಬಾಕು ಸೇವಿಸುತ್ತೀರಾ ಸರ್?"

ಎಲೆಬಳ್ಳಿ ತೋಟದ ಕುಬೇರಪ್ಪನ ದವಡೆಯಲ್ಲಿ ಆಗಲೂ ಎಲೆ, ಅಡಿಕೆ, ತಂಬಾಕು ತುಂಬಿತ್ತು. ಹೌದೆಂದರೆ ಕಂತು ಏರುತ್ತದೆ, ವೈದ್ಯರ ತಪಾಸಣೆ ಎಂದು ಮಾರ್ಚ್ ದಾಟಿಹೋಗುತ್ತದೆ. ರುದ್ರೇಶ ಇಲ್ಲವೆನ್ನು ಎಂಬಂತೆ ಕೈ ಆಡಿಸಿದ. ಕುಬೇರಪ್ಪ ಮಗನ ಮುಖ ನೋಡಿದ. ಎದ್ದು ಹೋಗಿ ಅಂಗಳದಲ್ಲಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು, "ಇಲ್ರೀ ಯವ್ವಾ," ಎಂದ.

ಅಂದಿನಿಂದ ಅವನು ಎಲೆ, ತಂಬಾಕು ಬಾಯಿಗಿಡಲಿಲ್ಲ.

ರುದ್ರೇಶನಿಗೆ ಇದು ತಿಳಿದದ್ದು ಶ್ರಾವಣದಲ್ಲಿ ಮನೆಗೆ ಬಂದಾಗ. ಕಟ್ಟೆಯ ಮೇಲೆ ಅಪ್ಪನ ಗೆಳೆಯ ನಬೀಸಾಬ ಎಲೆಯಡಿಕೆಯ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಿದ್ದ.

"ನೋಡಪಾ ಮಾಸ್ತರ, ಊರಿಗೆಲ್ಲಾ ಎಲಿ ತಿನ್ನಿಸಾಂವ ತಾನ ಉಪಾಸ ಕುಂತಾನ. ಮದವಿ ಮನ್ಯಾಗ ಎಲಿ ಅಡಕಿ ಕೊಟ್ರ ಕಣ್ಣಿಗೊತ್ತಿಕೊಂಡು ನನ್ನ ಕೈಯಾಗ ಇಡ್ತಾನ. ನನಗೇನ ಲುಕ್ಸಾನಿಲ್ಲ ಬಿಡು!"

"ಮಗ ನನ್ನ ಜೀವದ ಸಲುವಾಗಿ ಇಷ್ಟ ಮಾಡ್ಯಾನ. ನಾ ಆಡಿದ ಮಾತ ಸುಳ್ಳ ಮಾಡ್ಲೇನು?" ಎಂದು ಕುಬೇರಪ್ಪ ನಕ್ಕ. ನಗುವಾಗಲೂ ಅವನ ಹೆಬ್ಬೆರಳು ಬರಿಯ ಅಂಗೈಯನ್ನು ತಿಕ್ಕುತ್ತಿತ್ತು, ತಂಬಾಕು ತಿಕ್ಕಿದ ಹಾಗೆ.

ಬಿಟ್ಟದ್ದು ಒಳ್ಳೆಯದೇ ಆಯಿತಲ್ಲ ಎಂದು ರುದ್ರೇಶ ತನಗೆ ತಾನೇ ಹೇಳಿಕೊಂಡ. ಅದರಿಂದ ಸಮಾಧಾನವಾಗಲಿಲ್ಲ. ಪ್ರಯೋಗಾಲಯದಲ್ಲಿ ಹುಡುಗರಿಗೆ ಅವನು ಹೇಳುತ್ತ ಬಂದದ್ದು ಒಂದೇ: ಬಂದದ್ದನ್ನು ಬರೆಯಿರಿ, ಬರಬೇಕಾದದ್ದನ್ನಲ್ಲ.

ನಬೀಸಾಬ ಎದ್ದು ಹೋದ ಮೇಲೆ ರುದ್ರೇಶ ಬಾಯಿ ಬಿಟ್ಟ. "ಅಪ್ಪಾ, ಆ ವಿಮಾ ನಿನ್ನ ಸಲುವಾಗಿ ಮಾಡಿಸ್ಲಿಲ್ಲ. ತೆರಿಗಿ ಉಳಸಾಕ ಮಾಡಿಸ್ದೆ."

ಕುಬೇರಪ್ಪ "ಹಂಗೇನು," ಎಂದ. ಆಮೇಲೆ, "ನಾಳೆ ನಾ ದವಾಖಾನಿ ಸೇರಿದ್ರ ಈ ಸುಳ್ಳ ಹೊರಗ ಬೀಳೂದಿಲ್ಲೇನು?"

"ಬೀಳ್ತೈತಿ. ವಿಮಾ ದಕ್ಕೂದಿಲ್ಲ."

"ಮತ್ತ ಯಾಕ ಕುಂತಿ? ಹಚ್ಚು ಫೋನ."

ರುದ್ರೇಶ ವಿಮೆ ಕಂಪನಿಗೆ ಹಚ್ಚಿ ಕೊಟ್ಟ. ಕುಬೇರಪ್ಪ ಎರಡೂ ಕೈಯಲ್ಲಿ ಫೋನು ಹಿಡಿದು, ದೂರದ ಹೊಲದವರನ್ನು ಕರೆಯುವಂತೆ ಗಟ್ಟಿಯಾಗಿ ಮಾತಾಡಿದ. "ಯವ್ವಾ, ಆವತ್ತ ನಾ ಸುಳ್ಳ ಹೇಳೇನ್ರಿ. ತಂಬಾಕ ತಿಂತಿದ್ದೆ. ನನ್ನ ಮಗ ಕಾಲೇಜಿನ ಮಾಸ್ತರ ಅದಾನ್ರಿ, ಪಾಪ, ಅವಂಗ ಇದೇನೂ ಗೊತ್ತಿದ್ದಿಲ್ಲ..."

ರುದ್ರೇಶ ಅಪ್ಪನ ಕೈಯಿಂದ ಫೋನು ಬಿಡಿಸಿಕೊಂಡ.

"ಗೊತ್ತಿತ್ರಿ," ಎಂದ. "ಕೈ ಮಾಡಿ ಇಲ್ಲ ಅನ್ನಿಸಿದಾಂವ ನಾನ."