ಎರಡು ಪಟ್ಟಿಗಳ ನಡುವಿನ ಗೆರೆ

೨೦೨೪ರ ಡಿಸೆಂಬರ್ ೮, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಮ್ಮ ಕುರಿದೊಡ್ಡಿಯ ಕಲ್ಲಿನ ಮೇಲೆ ಕೂತು ನಾನು ಹಳೆಯ ಎಕ್ಸರೇ ಹಾಳೆಯೊಂದನ್ನು ಬ್ಲೇಡಿನಿಂದ ಕೊರೆಯುತ್ತಿದ್ದೆ. ಹಾಳೆಯಲ್ಲಿ ತೀರಿಹೋದ ಅಪ್ಪನ ಎದೆಗೂಡಿತ್ತು. ಅಷ್ಟು ಗಟ್ಟಿಯಾದ ಬೇರೆ ಹಾಳೆ ಮನೆಯಲ್ಲಿ ಇರಲಿಲ್ಲ. ಕೊರೆದ ಹಾಳೆಯನ್ನು ಕುರಿಯ ಮೈಗೆ ಒತ್ತಿ ಹಿಡಿದು ಮೇಲೆ ನೀಲಿ ಬಣ್ಣ ಬಳಿದರೆ ಆಕಾರ ಉಣ್ಣೆಯ ಮೇಲೆ ಮೂಡುತ್ತದೆ. ಅದು ನನ್ನ ಗುರುತಾಗಬೇಕಿತ್ತು.

ಅವ್ವ ಕಸಬರಿಗೆ ಹಿಡಿದು ಬಂದವಳು ನಿಂತು ನೋಡಿದಳು.

"ನಿಮ್ಮಪ್ಪನ ಎದಿ ಕೊರಿಯಾಕತ್ತಿಯಲ್ಲಬೇ ರೇಣುಕಾ."

"ಎದಿ ಅಲ್ಲವ್ವಾ, ಹಾಳಿ."

"ಇದ್ದಾಗ ಅಂವಗ ಒಂದ್ ಕಪ್ ಚಾ ಕಾಸಿ ಕೊಡಾಕ ನಿನಗ ಪುರಸೊತ್ತು ಇರಲಿಲ್ಲ. ಈಗ ನೋಡು, ಎಷ್ಟ್ ಕಾಳಜಿಲೆ ಕೊರಿತಿ."

ನಾನು ಬ್ಲೇಡನ್ನು ಮುಂದಕ್ಕೆಳೆದೆ. ಕುಷ್ಟಗಿಯಲ್ಲಿ ಬಾಡಿಗೆ ಕೋಣೆ, ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ, ಜೀವಶಾಸ್ತ್ರ. ವಾರವಿಡೀ ನಿಂತು ಮಾತಾಡಿ, ಶನಿವಾರ ಸಂಜೆ ಯಲಬುರ್ಗಾದ ಬಸ್ಸು ಹಿಡಿದು ಊರಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ. ಅವ್ವನ ಜೊತೆ ವಾದಿಸುವ ಶಕ್ತಿ ನನಗೆ ಉಳಿದಿರುವುದಿಲ್ಲ.

ಮುಂದಿನ ವಾರ ಕುರಿಗಳು ಹೊರಡುವವಿದ್ದವು. ಪ್ರತಿ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮೂರಿನ ಐದು ಮನೆಗಳ ಕುರಿಗಳು ಒಂದೇ ಹಿಂಡಾಗಿ, ಕುಕನೂರು ದಾಟಿ, ಕೊಪ್ಪಳವನ್ನು ಬಳಸಿ, ಗಂಗಾವತಿ ಕಡೆಯ ಕಾಲುವೆ ನೀರಿನ ಗದ್ದೆಗಳಿಗೆ ಹೋಗುತ್ತವೆ. ಕೊಯ್ಲಾದ ಗದ್ದೆಯಲ್ಲಿ ಹಗಲು ಮೇಯುತ್ತವೆ, ರಾತ್ರಿ ಅಲ್ಲೇ ಬಲೆಯ ಬೇಲಿಯೊಳಗೆ ಮಲಗಿ ಗದ್ದೆಗೆ ಗೊಬ್ಬರ ಕೊಡುತ್ತವೆ. ಐದೂ ಮನೆಗಳ ಕುರಿಗಳ ಮುಂದಾಳು ನನ್ನ ಅಣ್ಣ ಕಳಕೇಶ. ಹಿಂಡು ಒಂದಾದ ಮೇಲೆ ಯಾರದು ಯಾವುದೆಂದು ತಿಳಿಯಬೇಕಲ್ಲ, ಅದಕ್ಕೆ ಮನೆಗೊಂದು ಗುರುತು. ನಮ್ಮ ಮನೆಯದು ಅಪ್ಪನ ಕಾಲದಿಂದಲೂ ಹಿಂಭಾಗದ ಮೇಲೆ ಎರಡು ನೀಲಿ ಪಟ್ಟಿ. ದಾರಿಯಲ್ಲಿ ಕುರಿ ಸತ್ತರೆ, ಆ ಗುರುತು ಇದ್ದಷ್ಟು ತೊಗಲನ್ನು ಕೊಯ್ದು ಒಣಗಿಸಿ ತಂದು ಯಜಮಾನನ ಕೈಗೆ ಕೊಡಬೇಕು. ಮಾರಿಕೊಂಡಿಲ್ಲ, ಸತ್ತದ್ದು ನಿಜ ಎನ್ನುವುದಕ್ಕೆ ನಮ್ಮವರಲ್ಲಿ ಅದೇ ಸಾಕ್ಷಿ.

ಅಪ್ಪ ಸಾಯುವ ಮೊದಲು ನಾಲ್ಕು ಜನರ ಮುಂದೆ ನನಗೆ ಹನ್ನೆರಡು ಕುರಿ ಕೊಟ್ಟಿದ್ದರು. ಮದುವೆಯಲ್ಲಿ ಕೊಡಬೇಕಾದ್ದನ್ನು ಮದುವೆಯಾಗದ ಮಗಳಿಗೆ ಹಾಗೇ ಕೊಟ್ಟರು. ಹೆಣ್ಣುಮಕ್ಕಳಿಗೆ ಬೇರೆ ಗುರುತು ಹಾಕುವ ರೂಢಿ ನಮ್ಮಲ್ಲಿಲ್ಲ. ನನ್ನವೂ ಎರಡು ನೀಲಿ ಪಟ್ಟಿಯಲ್ಲೇ ಉಳಿದವು. ಆಮೇಲಿನ ಮೂರು ವರ್ಷಗಳಲ್ಲಿ ನಮ್ಮ ಮನೆಯ ಐದು ಕುರಿ ದಾರಿಯಲ್ಲಿ ಸತ್ತವು. ಪ್ರತಿ ಸಲವೂ ಅಣ್ಣ ಒಣಗಿದ ತೊಗಲಿನ ತುಂಡನ್ನು ಕಟ್ಟೆಯ ಮೇಲಿಟ್ಟು, "ನಿಂದs ತಂಗಿ" ಎಂದ. ಐದೂ ನನ್ನವು. ಅವನದೊಂದೂ ಸಾಯಲಿಲ್ಲ. ಮರಿಗಳ ಲೆಕ್ಕವನ್ನು ನಾನು ಕೇಳಲೇ ಇಲ್ಲ. ಉಳಿದಿರುವ ಏಳಾದರೂ ನನ್ನವಾಗಿ ಉಳಿಯಬೇಕೆಂದರೆ ಅವುಗಳ ಮೈಮೇಲೆ ನಾನಿರಬೇಕು ಎನ್ನಿಸಿತು.

ಗುರುತು ಮಾಡುವುದು ಸುಲಭವೆಂದುಕೊಂಡಿದ್ದೆ. ಕಣ್ಣು ಬರೀ ಬೆಳಕನ್ನು ಹಿಡಿಯುತ್ತದೆ, ಆಕಾರವನ್ನು ಕಟ್ಟುವುದು ಮಿದುಳು ಎಂದು ವರ್ಷಕ್ಕೊಮ್ಮೆ ಪಾಠ ಮಾಡುವವಳು ನಾನು. ಮೊದಲು ನನ್ನ ಹೆಸರಿನ ಮೊದಲ ಅಕ್ಷರ ಬರೆದು ನೋಡಿದೆ. ಉಣ್ಣೆ ಕಾಗದವಲ್ಲ. ತಿಂಗಳೊಪ್ಪತ್ತಿನಲ್ಲಿ ಬೆಳೆದು ಅಂಚು ಕೆದರುತ್ತದೆ, ಅಕ್ಷರದ ದೀರ್ಘ ಮೊದಲು ಮಾಯವಾಗುತ್ತದೆ. ಆಮೇಲೆ ಮೂರು ಚುಕ್ಕೆ. ಮೂರು ಚುಕ್ಕೆಗಳನ್ನು ಸರಿಯಾದ ದೂರದಲ್ಲಿಟ್ಟರೆ ಇಲ್ಲದ ಗೆರೆಗಳನ್ನು ಮಿದುಳೇ ಎಳೆದು ತ್ರಿಕೋನ ಮಾಡಿಕೊಳ್ಳುತ್ತದೆ. ಒಂಟಿ ಕುರಿಯ ಮೇಲೆ ಅದು ಚೆನ್ನಾಗಿಯೇ ಕಂಡಿತು. ಏಳನ್ನೂ ದೊಡ್ಡಿಗೆ ಬಿಟ್ಟಾಗ ಅವು ಒತ್ತಿಕೊಂಡು ನಿಂತವು. ಕಣ್ಣು ಹತ್ತಿರವಿರುವುದನ್ನು ಒಂದು ಗುಂಪೆಂದು ಹಿಡಿಯುತ್ತದೆ. ಈ ಕುರಿಯ ಎರಡು ಚುಕ್ಕೆ, ಪಕ್ಕದ ಕುರಿಯ ಒಂದು ಚುಕ್ಕೆ ಸೇರಿ ಯಾರದೂ ಅಲ್ಲದ ತ್ರಿಕೋನಗಳಾದವು. ಎರಡು ಭಾನುವಾರ ಹಾಗೆ ಹೋದವು.

ಅಷ್ಟರಲ್ಲಿ ಮನೆಯವರ ಮಾತು ಬೇರೆ. ಅಪ್ಪನ ಪಟ್ಟಿ ಅಳಿಸಕೂಡದು ಎಂದು ಅವ್ವ. ಅಣ್ಣನದು ಇನ್ನೊಂದು.

"ನೀ ಬ್ಯಾರೆ ಗುರುತು ಹಾಕಿದ್ರ, ಕಳಕೇಶ ತಂಗಿ ಕುರಿ ನುಂಗ್ಯಾನ ಅಂತ ಬೋರ್ಡ್ ಬರಸಿದಂಗ. ಕುಕನೂರ ಸಂತ್ಯಾಗ ನಿಂತ ಮಂದಿ ಓದಿಕೊಂತ ಹೊಕ್ಕಾರ."

"ಕುರಿ ನೋಡಾಕ ಯಾರ್ ನಿಂತಿರ್ತಾರಣ್ಣ?"

"ನಮ್ಮ ಮಂದಿ ಕುರೀನ ನೋಡೂದು. ಮನಷ್ಯಾರನ್ನ ಯಾರ್ ನೋಡ್ತಾರ? ಕಿವ್ಯಾಗ ಒಂದ್ ಕಚ್ಚು ಹಾಕ್ಕೊ. ನಿನಗ ಗೊತ್ತಿರ್ತೈತಿ, ನನಗ ಗೊತ್ತಿರ್ತೈತಿ."

ಕಿವಿಯ ಕಚ್ಚು ತೊಗಲಿನ ತುಂಡಿನ ಜೊತೆ ಮನೆಗೆ ಬರುವುದಿಲ್ಲ.

ಕೊನೆಗೆ ಇಬ್ಬರಿಗೂ ಒಪ್ಪುವಂಥದ್ದು ಹೊಳೆಯಿತು. ಅಪ್ಪನ ಎರಡು ಪಟ್ಟಿ ಹಾಗೇ ಇರಲಿ, ನಡುವೆ ಅಡ್ಡ ಒಂದು ಗೆರೆ, ಏಣಿಯ ಒಂದೇ ಮೆಟ್ಟಿಲಿನಂತೆ. ಗೆರೆ ತೆಳುವಾಗಿದ್ದರೆ ದೂರದ ಕಣ್ಣು ಅದನ್ನು ಬಿಟ್ಟು ಎರಡು ಪಟ್ಟಿಯನ್ನಷ್ಟೇ ಹಿಡಿಯುತ್ತದೆ. ರಸ್ತೆಯವರಿಗೆ ಒಂದೇ ಮನೆಯ ಕುರಿ, ದೊಡ್ಡಿಯ ಬಾಗಿಲಲ್ಲಿ ನಿಂತವರಿಗೆ ಎರಡು ಪಾಲು. ಗೆರೆಯ ಅಗಲ ಎರಡು ಸೆಂಟಿಮೀಟರ್ ಇಟ್ಟೆ. ಲೆಕ್ಕದ ಪ್ರಕಾರ ಒಳ್ಳೆಯ ಕಣ್ಣಿಗೆ ಅರುವತ್ತು ಮೀಟರಿನಿಂದಲೂ ಕಾಣಬೇಕು. ಉಣ್ಣೆಯ ಕೆದರು, ಬೆಳಗಿನ ಮಬ್ಬು ಕಳೆದರೆ ಮೂವತ್ತು.

ಎಂಟು ಗಂಟೆಗೆ ಅಣ್ಣ ಹಲ್ಲುಜ್ಜಿಕೊಳ್ಳುತ್ತಾ ಬಂದ. ಎರಡು ಕುರಿಗಳನ್ನು ಅಕ್ಕಪಕ್ಕ ಗೂಟಕ್ಕೆ ಕಟ್ಟಿದ್ದೆ. ಒಂದಕ್ಕೆ ಬರೀ ಪಟ್ಟಿ, ಇನ್ನೊಂದಕ್ಕೆ ಗೆರೆಯೂ ಇತ್ತು. ಬಯಲಿನ ಆ ತುದಿಯಿಂದ ನಡೆದು ಬಾ, ನನ್ನದು ಯಾವುದೆಂದು ತಿಳಿದ ಕಡೆ ನಿಲ್ಲು ಎಂದೆ.

"ಸಾಲಿ ಹುಡುಗರಂಗ ನನಗೂ ಪರೀಕ್ಷಾನ? ನಾಪಾಸ್ ಆದ್ರ ಏನ್ ಮಾಡ್ತಿ, ಬೆಂಚ್ ಮ್ಯಾಲ ನಿಂದರಸ್ತಿ?"

"ರಸ್ತಿ ಮ್ಯಾಲಿಂದ ಕಾಣಾಂಗಿಲ್ಲ ಅಂತ ನೀನs ನೋಡಿಬಿಡು. ಆಮ್ಯಾಲ ನನ್ನ ಮ್ಯಾಲ ಹೇಳಬ್ಯಾಡ."

ಅವನು ಹೋದ. ನಾನು ಅದೇ ಜಾಗದಲ್ಲಿ ಮೊದಲೇ ನಡೆದು ನೋಡಿದ್ದೆ. ನನಗೆ ಮೂವತ್ತನಾಲ್ಕು ಮೀಟರಿಗೆ ಕಂಡಿತ್ತು, ಅಲ್ಲೊಂದು ಕಲ್ಲಿಟ್ಟಿದ್ದೆ. ಅಣ್ಣ ಆ ಕಲ್ಲು ದಾಟಿದ. ಇಪ್ಪತ್ತು ದಾಟಿದ. ಹತ್ತರ ಹತ್ತಿರ ನಿಂತು, "ಎಡಕಿಂದು" ಎಂದ. ಅದು ಅವನದು.

ಬೇಕಂತಲೇ ಮಾಡುತ್ತಿದ್ದಾನೆ ಎನ್ನಿಸಿತು. ಗುರುತು ಕೆಲಸಕ್ಕೆ ಬಾರದು ಎಂದು ಊರಿಗೆಲ್ಲ ಹೇಳಲು ಇದೊಂದು ದಾರಿ. ಸಿಟ್ಟು ಬರಬೇಕಿತ್ತು, ಬಂದದ್ದು ಆಯಾಸ.

"ಸರಿಯಾಗಿ ನೋಡಣ್ಣ."

ಅವನು ಇನ್ನೂ ಮುಂದೆ ಬಂದ. ಬರುವಾಗ ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎಡಗಣ್ಣಿನ ಮೂಲೆಯಿಂದ ನೋಡುತ್ತಿದ್ದ. ನಟಿಸುವವನಿಗೆ ಅಷ್ಟು ಹೊಳೆಯುವುದಿಲ್ಲ. ಗೂಟದ ಹತ್ತಿರ ನಿಂತು, "ಬಲಕಿಂದು" ಎಂದ. ಟೇಪು ಹಿಡಿದು ಅಳೆದೆ. ನಾಲ್ಕು ಮೀಟರ್. ಹತ್ತಿರ ಹೋಗಿ ಬೆಳಕಿಗೆ ಅವನ ಮುಖ ತಿರುಗಿಸಿದೆ. ಎರಡೂ ಕಣ್ಣಿನ ಪಾಪೆಯೊಳಗೆ ಗಂಜಿಯ ಬಣ್ಣ.

"ಯಾವಾಗಿಂದಣ್ಣ?"

"ಅಪ್ಪ ಹ್ವಾದ ವರ್ಷ ಮಂಜಾತು. ಹೋಗತೈತಿ ಅಂದ್ಕೊಂಡೆ."

"ಯಾರಿಗೂ ಹೇಳಲಿಲ್ಲ?"

"ಹೇಳಿದ್ರ? ಐದ್ ಮನಿ ಕುರಿ ಕುರುಡನ ಕೈಯಾಗ ಬಿಡ್ತಾರೇನು? ಮೈ ಮುಟ್ಟಿದ್ರ, ಕೂಗು ಕೇಳಿದ್ರ ನನಗ ಗೊತ್ತಾಕ್ಕೈತಿ. ಮಂದಿ ಕುರಿ ಒಂದೂ ಕಳಕೊಂಡಿಲ್ಲ."

ಆ ಪ್ರಶ್ನೆಯನ್ನು ಕೇಳದೆ ಇರಬಹುದಿತ್ತು. ಕೇಳಿದೆ.

"ಮತ್ತ ಸತ್ತ ಐದೂ ನನ್ನವು ಅಂತ ಹೆಂಗ ಗೊತ್ತಾತು?"

ಅವನು ಕುರಿಯ ಹಿಂಭಾಗದ ಮೇಲೆ ಕೈಯಿಟ್ಟು ಹಸಿ ಬಣ್ಣ ಮೆತ್ತಿಕೊಂಡದ್ದನ್ನು ಗಮನಿಸದೆ ನಿಂತಿದ್ದ.

"ಗೊತ್ತಾಗಲಿಲ್ಲ ತಂಗಿ. ಸತ್ತದ್ದರ ಕೂಗು ಎಲ್ಲೈತಿ, ಗುರುತು ಹಿಡ್ಯಾಕ? ಸೆಟದ ಮೈ ಮುಟ್ಟಿದ್ರ ಎಲ್ಲಾ ಒಂದs. ನಂದು ಅಂದ್ರ ನಿಮ್ಮತ್ತಿಗಿ ಹೆಂಗ ಸತ್ತಿತು, ನೀ ಎಲ್ಲಿ ನೋಡಾಕತ್ತಿದ್ದಿ ಅಂತ ಕೇಳ್ತಿದ್ಲು. ನೀ ಕೇಳತಿದ್ದಿಲ್ಲ."

ಅದು ನಿಜ. ಮೂರು ವರ್ಷ ನಾನು ಕೇಳಿರಲಿಲ್ಲ.

"ಕೊಪ್ಪಳಕ್ಕ ಹೋಗಿ ತೋರಸೂಣು. ಪೊರಿ ತಗಿಯೂದು ಸಣ್ಣ ಆಪರೇಶನ್, ಅವತ್ತs ಮನಿಗೆ ಕಳಸ್ತಾರ."

"ಬಂದ ಮ್ಯಾಲ. ಈಗ ಕಣ್ಣಿಗೆ ಪಟ್ಟಿ ಕಟಗೊಂಡು ಕುಂತ್ರ ಕುರಿ ಯಾರ್ ಒಯ್ಯಬೇಕು?"

ಅವ್ವ ದೊಡ್ಡಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸೆರಗಿನಿಂದ ಅವನ ಕೈಯ ನೀಲಿ ಬಣ್ಣ ಒರೆಸಿ ಒಳಗೆ ಹೋದಳು.

ಅಣ್ಣ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತಿದ್ದ. ಆಮೇಲೆ ಎದ್ದು ಗೂಟದಿಂದ ಹಿಂದಕ್ಕೆ ನಡೆದು ನಿಂತ.

"ಮುಂಜಾನಿ ಬಲಿಯೊಳಗಿಂದ ಕುರಿ ಬಿಟ್ಟು ಎಣಸಾಕ ನಾ ಇಷ್ಟ್ ದೂರ ನಿಂತಿರ್ತೀನಿ. ಇಲ್ಲಿಂದ ನನಗ ಕಾಣಬೇಕಂದ್ರ ನಿನ್ನ ಗೆರಿ ಎಷ್ಟ್ ದಪ್ಪ ಬೇಕು?"

ಅಳೆದೆ. ಹದಿನೈದು ಮೀಟರ್. ಎರಡು ಸೆಂಟಿಮೀಟರ್ ಅಗಲ ಅವನಿಗೆ ನಾಲ್ಕು ಮೀಟರಿಗೆ ಕಂಡಿದೆ. ಬಾಯಿಲೆಕ್ಕ ಸಾಕಿತ್ತು, ಆದರೂ ಎರಡು ಸಲ ಮಾಡಿದೆ.

"ಅಷ್ಟ್ ದಪ್ಪ ಎಳದ್ರ ಕುಕನೂರ ಸಂತ್ಯಾಗ ಅಲ್ಲ, ಬಸ್ಸಿನ್ಯಾಗ ಕುಂತೋರಿಗೂ ಕಾಣತೈತಿ ಅಣ್ಣ."

"ಕಾಣಲಿ ಬಿಡು. ಏನರೆ ಅನ್ಲಿ. ಈ ಸಲ ಸತ್ರ, ಯಾರದು ಸತ್ತಿತು ಅಂತ ನನಗ ಗೊತ್ತಾಗ್ಲಿ."

ಹಾಳೆಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡೆ. ಸ್ಕೇಲು ಹಿಡಿದು ಪಟ್ಟಿಗಳ ನಡುವಿನ ಸೀಳನ್ನು ಮೇಲಕ್ಕೂ ಕೆಳಕ್ಕೂ ಸಮನಾಗಿ ಅಗಲಿಸಿದೆ. ಬ್ಲೇಡು ಮೊಂಡಾಗಿತ್ತು, ನಿಧಾನವಾಗಿ ಹೋಯಿತು. ಅಣ್ಣ ಒಂದೊಂದಾಗಿ ನನ್ನ ಏಳೂ ಕುರಿಗಳನ್ನು ಮೈ ಮುಟ್ಟಿ, ಕೊರಳು ಸವರಿ, ಹಿಡಿದು ತಂದು ನಿಲ್ಲಿಸಿದ. ನಾನು ಬಣ್ಣ ಬಳಿದೆ. ಮೊದಲನೆಯದು ಒಣಗಿದ ಮೇಲೆ ಅಳೆದು ನೋಡಿದೆ. ಗೆರೆಯ ಅಗಲ ಏಳೂವರೆ ಸೆಂಟಿಮೀಟರ್.