ಕೊಬ್ಬರಿ ಎಣ್ಣೆಯ ಶಾಕ್ ಅಬ್ಸಾರ್ಬರ್

“ಗುಳ್ಳೆ ಇನ್ನೂ ಐತೆ ಅಳಿಯಂದ್ರೇ, ಮುಚ್ಚಳ ಹಾಕ್ಬೇಡಿ,” ಎಂದರು ಚನ್ನಬಸಪ್ಪ.

ವಿಕ್ರಮ್ ಕೈ ತಡೆದ. ಅಡುಗೆಮನೆಯ ಮೇಜಿನ ಮೇಲೆ ರಿಮೋಟಿನಿಂದ ಓಡುವ ಆಟದ ಕಾರು ನಾಲ್ಕೂ ಚಕ್ರ ಕಳಚಿಕೊಂಡು ಕೂತಿತ್ತು. ಲಾಕ್‌ಡೌನಿನ ಬೇಸರಕ್ಕೆ ಅವನು ತರಿಸಿಕೊಂಡದ್ದು ಅದು. ಸಣ್ಣ ದಿಬ್ಬ ಸಿಕ್ಕರೂ ಕುಪ್ಪಳಿಸಿ ಬೋರಲು ಬೀಳುತ್ತಿತ್ತು. ಪ್ಲಾಸ್ಟಿಕ್ ಶಾಕ್ ಅಬ್ಸಾರ್ಬರ್ ತೆಗೆದು ಅಲ್ಯೂಮಿನಿಯಂನವು ಹಾಕೋಣವೆಂದರೆ, ಅವು ಬಂದವು, ಅವುಗಳೊಳಗೆ ತುಂಬಬೇಕಾದ ಸಿಲಿಕಾನ್ ಎಣ್ಣೆ ಮಾತ್ರ ಮೂರು ವಾರದಿಂದ ಯಾವುದೋ ಗೋದಾಮಿನಲ್ಲಿ ಬಿದ್ದಿತ್ತು.

ಮಾವ ಅದಕ್ಕೆಲ್ಲ ಕಾಯುವವರಲ್ಲ. ಮೂವತ್ತನಾಲ್ಕು ವರ್ಷ ತುಮಕೂರಿನ ಬಸ್ ಡಿಪೋದಲ್ಲಿ ಬಸ್ಸುಗಳ ಅಡಿ ಮಲಗಿ ಎದ್ದವರು. ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಗೇ ಕೈಹಾಕಿದ್ದರು. ಎಣ್ಣೆ ತೆಳುವಾಯಿತೆಂದು ಪಿಸ್ಟನ್ನಿನ ಮೂರು ತೂತುಗಳಲ್ಲಿ ಎರಡನ್ನು ಅಂಟು ಹಾಕಿ ಮುಚ್ಚಿದರು. ಈಗ ಬೆರಳುದ್ದದ ಆ ಕೊಳವೆಯನ್ನು ಬೆಳಕಿಗೆ ಹಿಡಿದು, ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಕೊನೆಯ ಗಾಳಿಗುಳ್ಳೆ ಹೊರಬರುವವರೆಗೂ ಕಾದರು. ಎಲ್ಲ ಜೋಡಿಸಿದ ಮೇಲೆ ಕಾರನ್ನು ಅದುಮಿ ಬಿಟ್ಟರೆ ಅದು ತಗ್ಗಿ, ಅವಸರವಿಲ್ಲದೆ ಎದ್ದು ನಿಂತಿತು.

“ನೋಡಿ, ಹೊಸ ಬಸ್ ಎದ್ದಂಗೆ ಏಳ್ತೈತೆ,” ಎಂದರು. ಒಂಬತ್ತು ತಿಂಗಳಲ್ಲಿ ಅವರ ಮುಖದಲ್ಲಿ ಇಷ್ಟು ಕಳೆ ಬಂದದ್ದು ಇದೇ ಮೊದಲು.

ಮೂರು ತಿಂಗಳಿಗೆಂದು ಫೆಬ್ರವರಿಯಲ್ಲಿ ಐರ್ಲೆಂಡಿನ ಲಿಮೆರಿಕ್‌ಗೆ ಬಂದವರು ನವೆಂಬರಾದರೂ ಇಲ್ಲೇ ಇದ್ದರು. ಮಗಳ ಮನೆಯಲ್ಲಿ ಇಷ್ಟು ದಿನ ಕೂತು ಉಣ್ಣುವುದೇ ಒಂದು ಮುಜುಗರ. ಅದನ್ನೂ ನುಂಗಿಕೊಂಡಾರು, ಆದರೆ ಕೃತಿಯ ಪಾಡು ನೋಡಲಾಗುತ್ತಿರಲಿಲ್ಲ. ಅವಳು ಆಸ್ಪತ್ರೆಯ ಕೋವಿಡ್ ವಾರ್ಡಿನ ಡಾಕ್ಟರು. ಅಪ್ಪನಿಗೆ ಅರವತ್ತೊಂಬತ್ತು, ಮೇಲೆ ಸಕ್ಕರೆ ಕಾಯಿಲೆ. ಅವರಿಗೆ ಸೋಂಕು ತಗುಲಬಾರದೆಂದು ಅವಳು ಮಹಡಿಯ ಮೇಲೆ ಸಾಮಾನಿಡುವ ಪುಟ್ಟ ಬಾಕ್ಸ್ ರೂಮಿನಲ್ಲಿ, ಮಗ್ಗುಲು ಬದಲಿಸಲೂ ಆಗದ ಮಂಚದ ಮೇಲೆ ಮಲಗುತ್ತಿದ್ದಳು. ಊಟದ ತಟ್ಟೆ ಮೆಟ್ಟಿಲ ಮೇಲೆ. ಮಾತು ಬಾಗಿಲಾಚೆಯಿಂದ. ತಾನೇ ಕಂತು ಕಟ್ಟುವ ಮನೆಯಲ್ಲಿ ತಾನೇ ಪಿಜಿ.

ನಾನಿಲ್ಲದಿದ್ದರೆ ಮಗಳು ತನ್ನ ಮಂಚದಲ್ಲಿ ಮಲಗುತ್ತಾಳೆ ಎಂಬುದು ಚನ್ನಬಸಪ್ಪನವರ ಲೆಕ್ಕ. ಮಂಗಳವಾರ ಡಬ್ಲಿನ್‌ನಿಂದ ಹೊರಡುವ ವಿಶೇಷ ವಿಮಾನದಲ್ಲಿ ಅಳಿಯನ ಕೈಲಿ ಸೀಟು ಹಿಡಿಸಿದ್ದರು. ಕೃತಿಗೆ ಇನ್ನೂ ಹೇಳಿರಲಿಲ್ಲ. ಹತ್ತೊಂಬತ್ತು ದಿನಗಳ ಬಳಿಕ ಇವತ್ತು ಅವಳಿಗೆ ರಜೆ. ಬಾಗಿಲಿನ ಜೊತೆ ಮಾತಾಡಿ ಹೇಳುವ ಸಂಗತಿ ಅಲ್ಲ ಇದು. ಹೊರಗೆ ಬಯಲಲ್ಲಿ ದೂರ ನಿಂತಾದರೂ ಅವಳ ಮುಖ ನೋಡಿ ಹೇಳಬೇಕು, ಅದಕ್ಕೆ ಕಾರು ಒಂದು ನೆಪ.

ಕೃತಿ ಎದ್ದು ಸ್ನಾನ ಮುಗಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಕಾರು ಹಿಂಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕಾದಿತ್ತು.

ಮನೆಗಳ ನಡುವಿನ ಹುಲ್ಲುಬಯಲಲ್ಲಿ ಯಾರೂ ಇರಲಿಲ್ಲ. ನಾಲ್ಕು ಡಿಗ್ರಿ ಚಳಿ. ಕೃತಿ ಮಾಸ್ಕ್ ಹಾಕಿಕೊಂಡು ಅಷ್ಟು ದೂರದಲ್ಲಿ ನಿಂತಳು. ಕಣ್ಣ ಕೆಳಗೆ ಕಪ್ಪಿತ್ತು.

“ಕೃತಿ, ಮಂಗಳವಾರ ಫ್ಲೈಟ್ ಐತೆ. ಹೊರಡ್ತೀನಮ್ಮ.”

ಅವಳು ಅಪ್ಪನನ್ನು ನೋಡಿದಳು, ಆಮೇಲೆ ಗಂಡನನ್ನು. “ಎರಡು ದಿನ ಮುಂಚೆ ಹೇಳ್ತಿದೀರಾ?”

“ನಾನ್ ಹೋದ್ರೆ ನೀನು ನಿನ್ ರೂಮಲ್ಲಿ ಮಲಗ್ಬಹುದಲ್ಲ.”

“ನಾನೇನಾದ್ರೂ ಕೇಳಿದ್ನಾ ಅಪ್ಪ?” ಜಗಳಕ್ಕೂ ಅವಳಲ್ಲಿ ಬಲವಿರಲಿಲ್ಲ. “ಸರಿ, ಹೋಗಿ. ಗ್ರ್ಯಾಂಡ್.”

‘ಆಗಲಿ ಬಿಡಿ’ ಎನ್ನಲು ಇಲ್ಲಿಯವರು ಆಡುವ ಆ ಒಂದು ‘ಗ್ರ್ಯಾಂಡ್’ ಚನ್ನಬಸಪ್ಪನವರ ಎದೆಗೆ ನಾಟಿತು. ವಿಕ್ರಮ್ ಕಾರನ್ನು ಹುಲ್ಲಿನ ಮೇಲೆ ಬಿಟ್ಟ. ಅದು ಒಂದು ಮಾರು ಓಡಿತು, ಮೊದಲ ಉಬ್ಬಿಗೇ ಹಲಗೆಯಂತೆ ನೆಗೆದು, ಎರಡು ಲಾಗ ಹೊಡೆದು ಕೃತಿಯ ಕಾಲ ಬಳಿ ಬಿತ್ತು. ಮೊದಲಾದರೂ ಇದಕ್ಕಿಂತ ವಾಸಿ ಇತ್ತು.

ಚನ್ನಬಸಪ್ಪನವರಿಗೆ ತಟ್ಟನೆ ಹೊಳೆಯಿತು: ಚಳಿಗೆ ಎಣ್ಣೆ ಗಟ್ಟಿಯಾಗಿಬಿಟ್ಟಿದೆ. ಚಳಿಗಾಲ ಬಂದರೆ ತುಮಕೂರಿನಲ್ಲೇ ಬಾಟಲಿಯನ್ನು ಬಿಸಿಲಿಗಿಟ್ಟು ಎಣ್ಣೆ ಕರಗಿಸಿ ತಲೆಗೆ ಹಚ್ಚಿಕೊಂಡವರು ಅವರು. ಇಲ್ಲಿ ರೇಡಿಯೇಟರ್ ಮೇಲೆ ಸದಾ ತಿಳಿಯಾಗಿರುತ್ತಿದ್ದ ಎಣ್ಣೆ ಕಣ್ಣು ಕಟ್ಟಿಬಿಟ್ಟಿತ್ತು. ಮೂವತ್ತನಾಲ್ಕು ವರ್ಷದ ಮೆಕ್ಯಾನಿಕ್ಕು! ಡಿಪೋದ ಹುಡುಗರಿಗೆ ಗೊತ್ತಾದರೆ ವರ್ಷವಿಡೀ ಆಡಿಕೊಂಡು ನಗುತ್ತಿದ್ದರು.

ಕೃತಿ ಕಾರನ್ನೆತ್ತಿ ಅದುಮಿ ನೋಡಿದಳು. “ಇದು ಅಲುಗಾಡ್ತಾನೇ ಇಲ್ವಲ್ಲ ಅಪ್ಪ. ಏನ್ ತುಂಬಿದ್ರಿ ಇದ್ರೊಳಗೆ?”

ಅವಳು ಮುನಿಸು ಬಿಟ್ಟು ಮಾತಾಡಿದ್ದೇ ಸಾಕಾಗಿತ್ತು. ಅವರು ನಾಚಿಕೆಯಿಂದ ನಕ್ಕರು. “ವಾಸನೆ ನೋಡಿ ನೀನೇ ಹೇಳು.”

ಅವಳು ಮಾಸ್ಕ್ ಕೆಳಗೆ ಎಳೆದು ಕಾರನ್ನು ಮೂಗಿನ ಹತ್ತಿರ ಹಿಡಿದಳು. “ಏನೂ ಇಲ್ಲ.”

“ಸರಿಯಾಗಿ ನೋಡಮ್ಮ. ಸ್ಕೂಲಿಗೆ ಹೋಗೋವಾಗ ನಿಮ್ಮಮ್ಮ ದಿನಾ ನಿನ್ನ ತಲೆಗೆ ತಟ್ತಿದ್ದದ್ದು.”

ಅವಳು ಮತ್ತೊಮ್ಮೆ ಉಸಿರೆಳೆದಳು, ಈ ಸಲ ಶಾಕ್ ಅಬ್ಸಾರ್ಬರ್ ಮೂಗಿಗೇ ತಾಗುವಂತೆ. ವಿಕ್ರಮ್ ತನ್ನ ಕೈ ಮೂಸಿಕೊಂಡ. ಎರಡು ಸಲ ಸೋಪು ಹಾಕಿ ತೊಳೆದಿದ್ದರೂ ಬೆರಳುಗಳು ಘಮ್ಮೆನ್ನುತ್ತಿದ್ದವು.

ಕೃತಿ ಕಾರನ್ನು ಹುಲ್ಲಿನ ಮೇಲಿಟ್ಟು, ಮಾಸ್ಕ್ ಏರಿಸಿಕೊಂಡು ಹಿಂದೆ ಹಿಂದೆ ಸರಿದಳು.

“ದೂರ ಹೋಗಿ ಅಪ್ಪ. ವಿಕ್ಕಿ, ನೀನೂ. ಅದನ್ನ ಯಾರೂ ಮುಟ್ಬೇಡಿ.” ಅವಳು ಇನ್ನೊಂದು ಹೆಜ್ಜೆ ಹಿಂದಿಟ್ಟಳು. “ಮೂರು ದಿನದಿಂದ ಸಾರು ಸಪ್ಪೆ ಅನ್ನಿಸ್ತಿತ್ತು. ನೀವೇ ಖಾರ ಕಮ್ಮಿ ಹಾಕ್ತಿದೀರಿ ಅಂದ್ಕೊಂಡಿದ್ದೆ.”

ಚನ್ನಬಸಪ್ಪ ನೆಟ್ಟಗೆ ಕಾರಿನ ಬಳಿಗೆ ನಡೆದು ಹೋಗಿ ಬಗ್ಗಿದರು.

“ಅಪ್ಪಾ, ಮುಟ್ಬೇಡಿ ಅಂದ್ನಲ್ಲ! ಮಂಗಳವಾರ ನೀವು ಫ್ಲೈಟ್ ಹತ್ಬೇಕು!”

“ಯಾವ ಮಂಗಳವಾರ? ನಡಿ, ಮನೆಗ್ ನಡಿ. ಬಿಸಿನೀರು ಕಾಯಿಸ್ತೀನಿ.”

ಅವರು ಕಾರನ್ನೆತ್ತಿ ಸ್ವೆಟರಿನೊಳಗೆ ಹೊಟ್ಟೆಗೆ ಅವುಚಿಕೊಂಡು, ಅವಳಿಂದ ನಾಲ್ಕು ಹೆಜ್ಜೆ ಹಿಂದೆ ನಡೆದರು. ಮನೆ ಮುಟ್ಟುವ ಹೊತ್ತಿಗೆ ಸ್ವೆಟರಿನ ಮೇಲೆ, ಮೈಯ ಬಿಸಿಗೆ ಕರಗಿ ಸೋರಿದ ಎಣ್ಣೆಯ ಕಲೆ ಮೂಡತೊಡಗಿತ್ತು.